ಮುಪ್ಪಿನ ಪಾಲೆಷ್ಟು?

ಪೀಣ್ಯ ಕೈಗಾರಿಕಾ ಪ್ರದೇಶದ ಆಸುಪಾಸಿನ ದಾಸರಹಳ್ಳಿ, ಹೆಗ್ಗನಹಳ್ಳಿ, ಲಗ್ಗೆರೆಗಳ ಸಾಲುಮನೆಗಳಲ್ಲಿ ಸಂಜೆಯ ಹೊತ್ತು ಟೆಲಿವಿಷನ್ನಿನ ಸದ್ದು ಬೀದಿಯ ತಿರುವಿನವರೆಗೂ ಕೇಳುವ ಮನೆಯೊಂದಿದ್ದರೆ, ಅಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆಂದು ಊಹಿಸಬಹುದು. ಸೊಸೆ ಮೂರು ಸಲ ಕರೆದರೂ ಅವರು ತಿರುಗಿ ನೋಡುವುದಿಲ್ಲ. ತಟ್ಟೆಯಲ್ಲಿಟ್ಟ ಕಾಫಿ ಆರಿಹೋಗುತ್ತದೆ. ಶಾಲೆಯಿಂದ ಬಂದ ಮೊಮ್ಮಗ ಏನನ್ನೋ ಹೇಳುತ್ತಾನೆ. ತಾತ ಬೇರೆಯದೇನನ್ನೋ ಕೇಳಿಸಿಕೊಂಡು ಅದಕ್ಕೆ ಉತ್ತರ ಕೊಡುತ್ತಾರೆ. ಮಗುವಿನ ಮುಖ ಸಣ್ಣದಾಗುತ್ತದೆ.

“ತಾತನಿಗೆ ನನ್ನ ಮೇಲೆ ಕೋಪವೇನಜ್ಜಿ?”

“ಕೋಪ ಎಲ್ಲಿಯದು ಕಂದ? ವಯಸ್ಸಾಯಿತು ನೋಡು.”

‘ವಯಸ್ಸಾಯಿತು’ ಎಂಬ ಈ ಒಂದು ಮಾತು ನಮ್ಮ ಮನೆಗಳಲ್ಲಿ ಎಷ್ಟೆಲ್ಲ ಕೆಲಸ ಮಾಡುತ್ತದೆ! ಮಂಡಿ ನೋವಿಗೂ ಅದೇ ಕಾರಣ, ಮರೆವಿಗೂ ಅದೇ ಕಾರಣ. ಊಟ ಸೇರದಿದ್ದರೆ, ನಿದ್ರೆ ಬಾರದಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಎಲ್ಲಕ್ಕೂ ಅದೇ ಉತ್ತರ. ರೋಗದ ಹೆಸರೂ ಅದೇ, ಸಮಾಧಾನವೂ ಅದೇ. ಆದರೆ ಮೂವತ್ತು ನಲವತ್ತು ವರ್ಷ ಪವರ್ ಪ್ರೆಸ್ಸಿನ ಪಕ್ಕದಲ್ಲಿ ನಿಂತು ದುಡಿದವರ ಕಿವಿ ಮಂದವಾದರೆ ಅದು ವಯಸ್ಸಿನ ಕೆಲಸವೋ ಪ್ರೆಸ್ಸಿನ ಕೆಲಸವೋ? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಹಿರಿಯರ ಆಸ್ತಿಯನ್ನು ಮಕ್ಕಳು ಹಂಚಿಕೊಳ್ಳುವಾಗ ಪಾಲುಪಟ್ಟಿ ಬರೆಯುವುದುಂಟು. ಇಳಿವಯಸ್ಸಿನಲ್ಲಿ ದೇಹ ಕಳೆದುಕೊಂಡದ್ದನ್ನೂ ಹಾಗೆಯೇ ಒಂದು ಪಾಲುಪಟ್ಟಿಯಲ್ಲಿ ಬರೆದು ನೋಡಿದರೆ, ಮುಪ್ಪಿನ ಲೆಕ್ಕಕ್ಕೆ ನಾವು ಬರೆದಿಟ್ಟಿರುವುದರಲ್ಲಿ ಬಹುಭಾಗ ಬೇರೆಯವರ ಪಾಲೆಂಬುದು ತಿಳಿಯುತ್ತದೆ.

ಮುಪ್ಪಿನ ನಿಜವಾದ ಪಾಲು

ಮುಪ್ಪಿಗೆ ಅದರದೇ ಆದ ಪಾಲು ಇದ್ದೇ ಇದೆ. ಅದನ್ನು ಯಾರೂ ಅಲ್ಲಗಳೆಯಲಾರರು. ನರೆ, ತೆರೆ, ಬಾಗಿದ ಬೆನ್ನು, ಕೈಯೂರುವ ಕೋಲು ಇವುಗಳನ್ನು ನಮ್ಮ ವಚನಕಾರರು 12ನೆಯ ಶತಮಾನದಲ್ಲಿಯೇ ಕಣ್ಣಿಟ್ಟು ನೋಡಿದ್ದರು. ಅವರು ಹೊರಗಿನಿಂದ ಕಂಡದ್ದನ್ನು ಇಂದಿನ ವಿಜ್ಞಾನ ಒಳಗಿನಿಂದ ಕಂಡಿದೆ.

ಮೊದಲು ಸುದ್ದಿ ಕೊಡುವುದು ಕಣ್ಣು. ನಲವತ್ತರ ಸುಮಾರಿಗೆ ಕಣ್ಣಿನ ಮಸೂರ ತನ್ನ ಮೃದುತ್ವವನ್ನು ಕಳೆದುಕೊಂಡು ಹತ್ತಿರದ ಅಕ್ಷರಕ್ಕೆ ಬಾಗದಂತಾಗುತ್ತದೆ. ಅದಕ್ಕೆ ತೊಡುವ ಕನ್ನಡಕವನ್ನು ಜನ ‘ಚಾಳೀಸು’ ಎಂದು ಕರೆದದ್ದು ಎಷ್ಟು ಸರಿಯಾಗಿದೆ! ಚಾಳೀಸ್ ಎಂದರೆ ನಲವತ್ತು. ಮುಂದೆ ಅದೇ ಮಸೂರ ಮಸುಕಾದರೆ ಪೊರೆ ಬಂದಿತೆನ್ನುತ್ತೇವೆ.

ಸ್ನಾಯುಗಳು ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟು ಪಾಲಿನಂತೆ ಕರಗುತ್ತ ಹೋಗುತ್ತವೆ. ಅರವತ್ತರ ಅನಂತರ ಈ ಇಳಿತ ಇನ್ನೂ ಚುರುಕಾಗುತ್ತದೆ. ಮೂಳೆ ತನ್ನ ಪೂರ್ಣ ಬಲವನ್ನು ಮೂವತ್ತರ ಹೊತ್ತಿಗೆ ಮುಟ್ಟಿ ಆಮೇಲೆ ಮೆಲ್ಲಗೆ ಸವೆಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಐದಾರು ವರ್ಷಗಳಲ್ಲಿ ಈ ಸವೆತ ಅತಿವೇಗವಾಗಿರುತ್ತದೆ. ಸ್ನಾನದ ಮನೆಯಲ್ಲಿ ಜಾರಿದ ಅಜ್ಜಿಯ ಸೊಂಟದ ಮೂಳೆ ಮುರಿಯುವುದಕ್ಕೂ ಅದೇ ಜಾಗದಲ್ಲಿ ಜಾರಿದ ಮೊಮ್ಮಗಳು ಎದ್ದು ನಗುವುದಕ್ಕೂ ಇರುವ ಅಂತರ ಇದೇ.

ಹೃದಯ ಶ್ರಮದಲ್ಲಿ ಮುಟ್ಟಬಲ್ಲ ಗರಿಷ್ಠ ಬಡಿತ ಇಪ್ಪತ್ತೈದರ ಯುವಕನಲ್ಲಿ ನಿಮಿಷಕ್ಕೆ ಸುಮಾರು 195 ಇದ್ದರೆ ಅರವತ್ತೈದರಲ್ಲಿ ಸುಮಾರು 155ಕ್ಕೆ ಇಳಿದಿರುತ್ತದೆ. ನಲವತ್ತರ ಅನಂತರ ಮೂತ್ರಪಿಂಡಗಳ ಶೋಧಕ ಶಕ್ತಿ ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ದೇಹದಲ್ಲಿ ನೀರಿನ ಪ್ರಮಾಣ ಇಳಿಯುತ್ತದೆ. ವಿಚಿತ್ರವೆಂದರೆ ಬಾಯಾರಿಕೆಯೂ ಅದರೊಂದಿಗೇ ಇಳಿಯುತ್ತದೆ. ಆದಕಾರಣ ಬೇಸಗೆಯಲ್ಲಿ ಹಿರಿಯರು “ನೀರು ಬೇಡ” ಎಂದರೆ ಅವರಿಗೆ ನೀರಿನ ಅಗತ್ಯವಿಲ್ಲವೆಂದು ಅರ್ಥವಲ್ಲ. ಗಾಢನಿದ್ರೆಯ ಅವಧಿ ಮೊಟಕಾಗಿ ನಸುಕಿಗೇ ಎಚ್ಚರವಾಗುತ್ತದೆ. ಹೊಸ ಹೆಸರುಗಳು ನಾಲಗೆಗೆ ತಡವಾಗಿ ಬರುತ್ತವೆ; ಆದರೆ ಜೀವಮಾನವಿಡೀ ಕೂಡಿಟ್ಟ ಶಬ್ದಸಂಪತ್ತು ಬಹುಕಾಲ ಹಾಗೆಯೇ ಉಳಿದಿರುತ್ತದೆ.

ಇದು ಮುಪ್ಪಿನ ಪಾಲು. ಇದರಲ್ಲಿ ಒಂದು ವಿಶೇಷವಿದೆ. ಈ ಇಳಿತಗಳೆಲ್ಲ ನಿಧಾನವಾದುವು, ದಿನಬೆಳಗಾಗುವುದರಲ್ಲಿ ಆಗುವಂಥವಲ್ಲ. ಎಲ್ಲರಲ್ಲಿಯೂ ಒಂದೇ ಸಮನಾಗಿ ಆಗುವುದೂ ಇಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ 1958ರಲ್ಲಿ ಆರಂಭವಾಗಿ ಅದೇ ಜನರನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನದ ಮುಖ್ಯ ಪಾಠವೇ ಇದು: ಇಬ್ಬರು ಒಂದೇ ಬಗೆಯಲ್ಲಿ ಮುದುಕರಾಗುವುದಿಲ್ಲ, ಮುಪ್ಪೂ ರೋಗವೂ ಒಂದೇ ಅಲ್ಲ.

ರೋಗದ ಪಾಲು

ಈ ಎರಡನ್ನು ಬೆರೆಸಿದ್ದರಿಂದ ಆದ ಹಾನಿಗೆ ರಕ್ತದೊತ್ತಡವೇ ಸಾಕ್ಷಿ. ‘ನೂರಕ್ಕೆ ವಯಸ್ಸನ್ನು ಕೂಡಿಸಿದರೆ ಬರುವುದೇ ಸರಿಯಾದ ಒತ್ತಡ’ ಎಂಬ ಸೂತ್ರ ಒಂದು ಕಾಲದಲ್ಲಿ ವೈದ್ಯರ ನಡುವೆಯೂ ಬಳಕೆಯಲ್ಲಿತ್ತು. ಎಪ್ಪತ್ತರ ಮುದುಕರಿಗೆ 170 ಇದ್ದರೆ ಅದು ಸಹಜವೆಂದು ಬಿಟ್ಟುಬಿಡುತ್ತಿದ್ದರು. 1991ರಲ್ಲಿ ಅಮೆರಿಕದಲ್ಲಿ ಅರವತ್ತು ದಾಟಿದ 4,736 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಮೇಲಿನ ಒತ್ತಡ ಮಾತ್ರ ಹೆಚ್ಚಾಗಿದ್ದ ಈ ಹಿರಿಯರಿಗೆ ಸಾಧಾರಣ ಔಷಧಿ ಕೊಟ್ಟುದರಿಂದ ಪಾರ್ಶ್ವವಾಯು ನೂರಕ್ಕೆ 36 ಪಾಲು ಕಡಿಮೆಯಾಗಿತ್ತು. ವಯಸ್ಸಿನದೆಂದು ಬಿಟ್ಟದ್ದು ರೋಗದ್ದಾಗಿತ್ತು. ಅದನ್ನು ತಡೆಯಲು ಸಾಧ್ಯವಿತ್ತು.

ಇಳಿವಯಸ್ಸಿನಲ್ಲಿ ರೋಗ ವೇಷ ಮರೆಸಿಕೊಂಡು ಬರುವುದೂ ಉಂಟು. ಮಧುಮೇಹವಿರುವ ಹಿರಿಯರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತವಾಗಬಹುದು. ಬರಿಯ ಆಯಾಸ, ಬೆವರು, ಉಸಿರುಗಟ್ಟುವಿಕೆಗಳಷ್ಟೇ ಅದರ ಸೂಚನೆಯಾಗಿರಬಹುದು. ಶ್ವಾಸಕೋಶಕ್ಕೋ ಮೂತ್ರನಾಳಕ್ಕೋ ಸೋಂಕು ತಗಲಿದಾಗ ಜ್ವರವೇ ಬಾರದೆ ಇದ್ದಕ್ಕಿದ್ದಂತೆ ಮಾತು ತಪ್ಪಬಹುದು. ನೆನ್ನೆಯವರೆಗೆ ಸರಿಯಾಗಿದ್ದವರು ಇಂದು ಹಗಲು ರಾತ್ರಿಗಳ ಪರಿವೆಯಿಲ್ಲದೆ ಮಾತನಾಡಿದರೆ ಅದು ಅರುಳುಮರುಳಲ್ಲ, ಆಸ್ಪತ್ರೆಗೆ ಒಯ್ಯಬೇಕಾದ ಕಾಯಿಲೆ. ಕಾರಣವಿಲ್ಲದೆ ತೂಕ ಇಳಿಯುವುದು, ಮಲಮೂತ್ರಗಳಲ್ಲಿ ರಕ್ತ, ದಾರಿ ತಪ್ಪಿಸುವಂಥ ಮರೆವು, ಮತ್ತೆ ಮತ್ತೆ ಬೀಳುವುದು ಇವು ಯಾವುವೂ ಮುಪ್ಪಿನ ಪಾಲಲ್ಲ.

ಇನ್ನೊಂದು ಅಪಾಯ ಔಷಧಿಯ ಡಬ್ಬಿಯಲ್ಲಿಯೇ ಇದೆ. ಮೂತ್ರಪಿಂಡಗಳ ಶಕ್ತಿ ಕುಗ್ಗಿದ ದೇಹದಿಂದ ಅನೇಕ ಮದ್ದುಗಳು ನಿಧಾನವಾಗಿ ಹೊರಹೋಗುತ್ತವೆ. ಮಂಡಿ ನೋವಿಗೆಂದು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಗಳು ಅದೇ ಮೂತ್ರಪಿಂಡಗಳನ್ನು ಕೆಡಿಸಬಲ್ಲವು, ಹೊಟ್ಟೆಯಲ್ಲಿ ಹುಣ್ಣೆಬ್ಬಿಸಬಲ್ಲವು. ಹತ್ತಾರು ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನೆಲ್ಲ ವರ್ಷಕ್ಕೊಮ್ಮೆ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬ ವೈದ್ಯರ ಮುಂದೆ ಸುರಿಯುವುದು ವಿವೇಕದ ಕೆಲಸ.

ಕಸಬಿನ ಪಾಲು

ಈಗ ಪೀಣ್ಯದ ತಾತನ ಕಿವಿಗೆ ಬರೋಣ. ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆ 1953ರಲ್ಲಿಯೂ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿಯೂ ತಲೆಯೆತ್ತಿದುವು. 1970ರ ದಶಕದ ಕೊನೆಯ ವೇಳೆಗೆ ಪಕ್ಕದಲ್ಲಿಯೇ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ತುಮಕೂರು, ಮಂಡ್ಯ, ಹಾಸನಗಳ ಹಳ್ಳಿಗಳಿಂದ ಬಂದ ಹುಡುಗರು ಲೇತು, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳ ಮುಂದೆ ನಿಂತರು. ಅಲ್ಲಿಯೇ ಟರ್ನರುಗಳಾದರು, ಫಿಟ್ಟರುಗಳಾದರು, ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಆ ಮಕ್ಕಳಲ್ಲಿ ಅನೇಕರು ಇಂದು ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ.

ನಮ್ಮ ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಒಂದು ಪುಟ್ಟ ಕೊಳವೆಯಿದೆ. ಅದರೊಳಗೆ ಒಂದೊಂದು ಕಿವಿಗೂ ಸುಮಾರು ಹದಿನೈದು ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಅಲೆ ಬಂದಾಗ ಗಾಳಿಗೆ ಪೈರು ತೂಗಿದಂತೆ ಇವು ತೂಗುತ್ತವೆ. ಬಿರುಗಾಳಿ ದಿನವೂ ಬೀಸಿದರೆ ಪೈರು ನೆಲಕಚ್ಚುತ್ತದೆ. ಪೈರನ್ನಾದರೂ ಮತ್ತೆ ಬಿತ್ತಬಹುದು. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಸಾಧಾರಣ ಮಾತುಕತೆಯ ಸದ್ದು ಸುಮಾರು 60 ಡೆಸಿಬೆಲ್. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ಲಿಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದರೆ ಕಿವಿಗೆ ಅಪಾಯವೆಂದು ತಜ್ಞರು ಹೇಳುತ್ತಾರೆ. ಡೆಸಿಬೆಲ್ಲಿನ ಲೆಕ್ಕದಲ್ಲಿ ಹತ್ತು ಹೆಚ್ಚಾಯಿತೆಂದರೆ ಶಬ್ದದ ಶಕ್ತಿ ಹತ್ತುಪಟ್ಟಾಯಿತೆಂದು ಅರ್ಥ. ಪವರ್ ಪ್ರೆಸ್ಸುಗಳ ಸಾಲಿನಲ್ಲಿ ನಿಂತವರು ಒಬ್ಬರ ಕಿವಿಯಲ್ಲಿ ಒಬ್ಬರು ಕೂಗಿ ಮಾತನಾಡಬೇಕಾಗುವ ಸ್ಥಿತಿಯೇ ಅಲ್ಲಿಯ ಸದ್ದು ಮಿತಿ ಮೀರಿದೆಯೆಂಬುದಕ್ಕೆ ಗುರುತು.

ಗದ್ದಲ ಮೊದಲು ಕೊಲ್ಲುವುದು ಕೀರಲು ಧ್ವನಿಗಳನ್ನು ಹಿಡಿಯುವ ಕೋಶಗಳನ್ನು. ಮುಪ್ಪೂ ಅದೇ ತುದಿಯಿಂದ ಆರಂಭಿಸುತ್ತದೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆ ಇರುವುದು ಇಂಥ ಎತ್ತರದ ಸ್ವರಗಳಲ್ಲಿಯೇ. ಆದುದರಿಂದ ತಾತನಿಗೆ ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಮಕ್ಕಳ ಎಳೆಯ ದನಿಯಂತೂ ಇನ್ನೂ ಕಷ್ಟ. “ಕೂಗಬೇಡ, ಕೇಳಿಸುತ್ತದೆ” ಎಂದು ಅವರು ರೇಗುವುದೂ ನಿಜ. ಕೇಳಿಸಿದ್ದು ಅರ್ಥವಾಗದಿರುವುದೂ ನಿಜ. ಎರಡರ ನಡುವೆ ಸಿಕ್ಕಿ ಅವರು ಮೆಲ್ಲಮೆಲ್ಲನೆ ಮಾತನ್ನೇ ಬಿಡುತ್ತಾರೆ. ಮದುವೆಮನೆಗೆ ಹೋಗುವುದಿಲ್ಲ, ಜಗಲಿಯ ಹರಟೆಗೆ ಸೇರುವುದಿಲ್ಲ.

ಇಲ್ಲಿಂದ ಮುಂದಿನದು ಇನ್ನೂ ಗಂಭೀರವಾದ ವಿಷಯ. ಬುದ್ಧಿಭ್ರಂಶದ ಕಾರಣಗಳನ್ನು ವಿಚಾರಿಸಿದ ಲ್ಯಾನ್ಸೆಟ್ ಪತ್ರಿಕೆಯ ಅಂತಾರಾಷ್ಟ್ರೀಯ ಆಯೋಗ 2024ರಲ್ಲಿ ತಿದ್ದಬಹುದಾದ ಹದಿನಾಲ್ಕು ಕಾರಣಗಳನ್ನು ಹೆಸರಿಸಿತು. ಅವನ್ನೆಲ್ಲ ತಿದ್ದಲು ಸಾಧ್ಯವಾದರೆ ಜಗತ್ತಿನ ಬುದ್ಧಿಭ್ರಂಶದ ಪ್ರಕರಣಗಳಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಆಯೋಗದ ಅಂದಾಜು. ಆ ಪಟ್ಟಿಯಲ್ಲಿ ಅತಿ ದೊಡ್ಡ ಪಾಲು ಪಡೆದವುಗಳಲ್ಲಿ ಒಂದು, ಚಿಕಿತ್ಸೆಯಿಲ್ಲದೆ ಬಿಟ್ಟ ಕಿವುಡು. ಅಂದರೆ ಆರಿಹೋದ ಕಾಫಿ ಬರಿಯ ಕಾಫಿಯ ಸಂಗತಿಯಲ್ಲ. ಇಂದು ಕಿವಿಯದೆಂದು ಬಿಟ್ಟದ್ದು ಹತ್ತು ವರ್ಷಗಳ ಮೇಲೆ ನೆನಪಿನದಾಗಬಹುದು.

ಗದ್ದಲದಿಂದ ಬರುವ ಕಿವುಡು ವೃತ್ತಿಜನ್ಯ ರೋಗಗಳ ಶಾಸನಬದ್ಧ ಪಟ್ಟಿಯಲ್ಲಿ ಸೇರಿದೆ. ಹತ್ತಿ ತುರುಕಿಕೊಂಡರೆ ಸಾಲದು. ಕಿವಿಗೆ ಸರಿಯಾಗಿ ಕೂರುವ ರಕ್ಷಕವನ್ನು ಧರಿಸಬೇಕು, ವರ್ಷಕ್ಕೊಮ್ಮೆ ಶ್ರವಣಪರೀಕ್ಷೆಯಾಗಬೇಕು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಈ ವಿದ್ಯೆಯನ್ನು ಕಲಿಸಿದ ಮನೆ. ಅಂಥದು ನಮ್ಮ ನಾಡಿನಲ್ಲಿಯೇ ಇದೆ. ಇ.ಎಸ್.ಐ. ವಿಮಾದಾರರಾಗಿ ಕನಿಷ್ಠ ಐದು ವರ್ಷ ದುಡಿದು ವಯೋನಿವೃತ್ತಿ ಹೊಂದಿದವರು ಅಲ್ಪ ವಂತಿಗೆ ಕಟ್ಟಿ ತಾವೂ ತಮ್ಮ ಸಂಗಾತಿಯೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದೆಂಬ ಏರ್ಪಾಡಿದೆ. ಬಹುಕಾಲ ಆ ವಂತಿಗೆ ವರ್ಷಕ್ಕೆ 120 ರೂಪಾಯಿ ಮಾತ್ರವಾಗಿತ್ತು. ಇದು ತಿಳಿಯದೆ ನಿವೃತ್ತಿಯ ದಿನವೇ ಕಾರ್ಡನ್ನು ಪೆಟ್ಟಿಗೆಯ ತಳಕ್ಕೆ ಹಾಕಿದವರೂ ಉಂಟು.

ಕುಳಿತ ಬದುಕಿನ ಪಾಲು

ನಗರದ ಇನ್ನೊಂದು ಅಂಚಿನಲ್ಲಿ ವೈಟ್‌ಫೀಲ್ಡ್ ಇದೆ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೊಟ್ಟ 3,900 ಎಕರೆ ನೆಲದಲ್ಲಿ ಡಿ. ಎಸ್. ವೈಟ್ ಅವರ ಹೆಸರಿನಿಂದ ಹುಟ್ಟಿದ ಊರು ಇದು. ಬೇಸಾಯಗಾರರ ಊರಾಗಲೆಂದು ಕಟ್ಟಿದ್ದು ಕಾಲಕ್ರಮದಲ್ಲಿ ಪಿಂಚಣಿದಾರರ ಊರಾಯಿತು. ಹರೆಯದವರು ಕೆಲಸ ಹುಡುಕಿಕೊಂಡು ಹೊರಟರು, ಹಿರಿಯರು ತೋಟದ ನಡುವಿನ ಹೆಂಚಿನ ಮನೆಗಳಲ್ಲಿ ಉಳಿದರು. ಈಗ ಕಥೆ ತಿರುಗುಮುರುಗಾಗಿದೆ. ಹರೆಯದವರೇ ಕೆಲಸಕ್ಕಾಗಿ ಇಲ್ಲಿಗೆ ಬಂದಿದ್ದಾರೆ. ಊರಿನಲ್ಲಿದ್ದ ತಂದೆತಾಯಿಗಳನ್ನು ಕರೆತಂದು ಹನ್ನೆರಡನೆಯ ಅಂತಸ್ತಿನ ಮನೆಯಲ್ಲಿ ಇರಿಸಿದ್ದಾರೆ. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯ ಸುತ್ತಲೂ ಇದೇ ಚಿತ್ರ.

ಮಕ್ಕಳ ಪ್ರೀತಿಗೆ ಕೊರತೆಯಿಲ್ಲ. “ಅಮ್ಮ, ನೀನು ಏನೂ ಮಾಡಬೇಡ, ಸುಮ್ಮನೆ ಕೂತಿರು” ಎನ್ನುತ್ತಾರೆ. ಊರಿನಲ್ಲಿ ಬಾವಿಯಿಂದ ನೀರು ಸೇದಿ, ಹಿತ್ತಲು ಗುಡಿಸಿ, ನೆಲದ ಮೇಲೆ ಕುಳಿತೆದ್ದು, ದೇವಸ್ಥಾನಕ್ಕೂ ಅಂಗಡಿಗೂ ನಡೆದುಹೋಗುತ್ತಿದ್ದ ತಾಯಿ ಸೋಫಾದ ಮೇಲೆ ಕುಳಿತುಬಿಡುತ್ತಾರೆ. ಎರಡು ವರ್ಷ ಕಳೆಯುವುದರೊಳಗೆ ಎದ್ದು ನಿಲ್ಲಲು ಕೈಯಾಸರೆ ಬೇಕಾಗುತ್ತದೆ. ಆಗ ಮನೆಯವರೆಲ್ಲ ಹೇಳುವ ಮಾತು ಮತ್ತೆ ಅದೇ: “ಅಮ್ಮನಿಗೆ ವಯಸ್ಸಾಯಿತು.”

1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿಯೇ ಮಲಗಿಸಿ ಪರೀಕ್ಷಿಸಿದರು. ಅದೇ ಐವರನ್ನು ಮೂವತ್ತು ವರ್ಷಗಳ ಮೇಲೆ, ಅವರು ಐವತ್ತು ದಾಟಿದಾಗ, ಮತ್ತೆ ಪರೀಕ್ಷಿಸಲಾಯಿತು. ದೇಹದ ಶ್ರಮಶಕ್ತಿಗೆ ಮೂವತ್ತು ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ ಮೂರು ವಾರಗಳ ಹಾಸಿಗೆ ಮಾಡಿದ್ದ ಹಾನಿಯೇ ಹೆಚ್ಚಾಗಿತ್ತು! ಪ್ರೀತಿಯಿಂದ ಹೇಳಿದ “ಕೂತಿರು” ಎಂಬ ಮಾತಿನ ಬೆಲೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಬಿಸಿಲೂ ಅಷ್ಟೆ. ಮೂಳೆಗೆ ಬೇಕಾದ ‘ಡಿ’ ಜೀವಸತ್ವವನ್ನು ಚರ್ಮ ಬಿಸಿಲಿನಿಂದ ತಯಾರಿಸುತ್ತದೆ. ವಯಸ್ಸಾದ ಚರ್ಮಕ್ಕೆ ಆ ಶಕ್ತಿ ಕಡಿಮೆ. ಗಾಜಿನ ಕಿಟಕಿಯ ಒಳಗೆ ಬರುವ ಬಿಸಿಲು ಬೆಚ್ಚಗಿದ್ದರೂ ಈ ಕೆಲಸಕ್ಕೆ ಬಾರದು.

ಮರಳಿ ಬರುವ ಪಾಲು

ಕಳೆದದ್ದು ಮರಳಿ ಬರುವುದುಂಟೆ? ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತುವ ವ್ಯಾಯಾಮವನ್ನು ಕಲಿಸಿದರು. ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿ ಹೆಚ್ಚಿತೆಂದು 1990ರಲ್ಲಿ ಪ್ರಕಟವಾಯಿತು. ತೊಂಬತ್ತರಲ್ಲಿಯೂ ಸ್ನಾಯು ಕಲಿಯಬಲ್ಲುದಾದರೆ ಅರವತ್ತು ಯಾವ ಲೆಕ್ಕ?

ಇದಕ್ಕೆ ವ್ಯಾಯಾಮಶಾಲೆಯೇ ಬೇಕೆಂದಿಲ್ಲ. ಗೋಡೆಗೆ ಆನಿಸಿಟ್ಟ ಗಟ್ಟಿಯಾದ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಅಡಿಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಬೆಳಗೂ ಸಂಜೆಯೂ ನಡೆಯುವುದು, ಇಷ್ಟರಿಂದಲೇ ಮೊದಲುಮಾಡಬಹುದು. ಹೃದ್ರೋಗವಿರುವವರು ವೈದ್ಯರನ್ನು ಕೇಳಿ ಆರಂಭಿಸುವುದು ಮೇಲು. ಆಹಾರದಲ್ಲಿ ನಮ್ಮ ರಾಗಿಯನ್ನು ಮರೆಯಬಾರದು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿನಷ್ಟು ಸುಣ್ಣದ ಅಂಶವಿದೆ. “ಮುದುಕರಿಗೆ ಸಾರನ್ನ ಸಾಕು” ಎಂಬುದೂ ತಪ್ಪು ತಿಳಿವಳಿಕೆ. ಕರಗುವ ಸ್ನಾಯುವನ್ನು ತಡೆಹಿಡಿಯಲು ಹಿರಿಯರಿಗೆ ಬೇಳೆ, ಕಾಳು, ಹಾಲು, ಮೊಸರು, ರೂಢಿಯಿದ್ದವರಿಗೆ ಮೊಟ್ಟೆ ಮೀನುಗಳ ಸಸಾರಜನಕ ಪ್ರಾಯದವರಿಗಿಂತ ತುಸು ಹೆಚ್ಚಾಗಿಯೇ ಬೇಕು. ಮೂತ್ರಪಿಂಡದ ಕಾಯಿಲೆಯವರಿಗೆ ಮಾತ್ರ ಈ ಮಾತು ಸಲ್ಲದು.

ನಮ್ಮ ದೇಶದ ಮುಪ್ಪನ್ನು ನಮ್ಮವರೇ ಅಳೆಯುವ ಕೆಲಸವೂ ಈಗ ನಡೆದಿದೆ. 2017-18ರಲ್ಲಿ ನಲವತ್ತೈದು ದಾಟಿದ 72,000ಕ್ಕೂ ಹೆಚ್ಚು ಭಾರತೀಯರನ್ನು ಒಳಗೊಂಡ ರಾಷ್ಟ್ರೀಯ ಅಧ್ಯಯನ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹತ್ತು ಸಾವಿರ ಮಂದಿಯನ್ನು ವರ್ಷಗಳ ಕಾಲ ಅನುಸರಿಸುವ ಗುರಿಯಿಟ್ಟುಕೊಂಡಿದೆ. ಆ ಕೇಂದ್ರಕ್ಕೆ ಧನಸಹಾಯ ನೀಡಿದವರು ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್.

ಮನೆಯವರ ಪಾಲು

‘ಅರವತ್ತಕ್ಕೆ ಅರುಳು ಮರುಳು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಅರವತ್ತು ಮುಟ್ಟುವವರೇ ವಿರಳ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು ಅದು ಎಪ್ಪತ್ತರ ಸುಮಾರು. ವರಕವಿ ಬೇಂದ್ರೆಯವರು 1956ರಲ್ಲಿ ಅರವತ್ತು ತುಂಬಿದ ಬಳಿಕ ಆ ಗಾದೆಯನ್ನು ತುಸು ತಿರುಗಿಸಿ ತಮ್ಮ ಸಂಕಲನಕ್ಕೆ ‘ಅರಳು ಮರಳು’ ಎಂದು ಹೆಸರಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅರಳು ಎಂದರೆ ಹೂವಾಗು. ಮರಳು ಎಂದರೆ ಹಿಂದಿರುಗು. ಪೀಣ್ಯದಿಂದ ಅದೇ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ಸಿಗುವ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅಂಥ ದೀರ್ಘಾಯುಸ್ಸು ಎಲ್ಲರಿಗೂ ದಕ್ಕುವುದಿಲ್ಲ, ನಿಜ. ಆದರೆ ದಕ್ಕಿದಷ್ಟು ಆಯುಸ್ಸಿನಲ್ಲಿ ಮೊಮ್ಮಗನ ಮಾತು ಕೇಳಿಸಬೇಕೆಂಬುದು ದೊಡ್ಡ ಆಸೆಯೇನೂ ಅಲ್ಲ.

ಆದ್ದರಿಂದ ಇನ್ನೊಮ್ಮೆ ಮನೆಯಲ್ಲಿ ‘ವಯಸ್ಸಾಯಿತು’ ಎಂಬ ಮಾತು ಬಾಯಿಗೆ ಬಂದಾಗ ಕ್ಷಣಕಾಲ ತಡೆದು, ಇದು ಯಾರ ಪಾಲು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮುಪ್ಪಿನದಾದರೆ ಸಹನೆ ಬೇಕು. ರೋಗದ್ದಾದರೆ ವೈದ್ಯರು ಬೇಕು. ಕಸಬಿನದಾದರೆ ಪರೀಕ್ಷೆಯೂ ಪರಿಹಾರವೂ ಬೇಕು. ಕುಳಿತದ್ದರಿಂದ ಬಂದದ್ದಾದರೆ ಎದ್ದು ನಡೆಯಲು ಜೊತೆ ಬೇಕು. ಹೆಗ್ಗನಹಳ್ಳಿಯ ಆ ಮನೆಯ ಅಜ್ಜಿ ಒಂದು ದಿನ ತಾತನನ್ನು ಶ್ರವಣಪರೀಕ್ಷೆಗೆ ಕರೆದೊಯ್ದರೆ ಸಾಕು. ಅವರ ಕಿವಿಗೆ ಸಣ್ಣದೊಂದು ಯಂತ್ರ ಕೂರಬಹುದು. ಮೊದಲ ಕೆಲವು ವಾರ ಪಾತ್ರೆಯ ಸದ್ದೂ ಕಿರಿಕಿರಿಯೆನಿಸೀತು, ಆಮೇಲೆ ಅಭ್ಯಾಸವಾದೀತು. ಅಲ್ಲಿಯವರೆಗೆ ಮೊಮ್ಮಗ ಒಂದು ಕೆಲಸ ಮಾಡಬಹುದು: ಟೆಲಿವಿಷನ್ ಆರಿಸಿ, ತಾತನ ಎದುರಿಗೆ ಬೆಳಕಿನಲ್ಲಿ ನಿಂತು, ಕೂಗದೆ, ನಿಧಾನವಾಗಿ, ಮುಖ ನೋಡಿ ಮಾತನಾಡಬಹುದು.